ಬಿ ಸೈಡಿನ ಕೊನೆಯ ಹಾಡು

ಮುನೀರಾಳ ಎಡಗೈಯ ತೋರುಬೆರಳು ಟೇಪನ್ನು ತಡೆಹಿಡಿದಿಡುವ ಪಾಸ್ ಗುಂಡಿಯ ಮೇಲಿತ್ತು. ಬಲಗೈಗೆ ಮೀನಿನ ಲೋಳೆ ಅಂಟಿತ್ತು. ಸಿಂಕಿನಲ್ಲಿ ಅರ್ಧ ಕೆರೆದ ಬೂತಾಯಿಗಳು ಬಿದ್ದಿದ್ದವು. ಅಡಿಗೆಮನೆಯ ಕಿಟಕಿಯ ಬಳಿ ಇಟ್ಟ ಹಳೆಯ ಟೂ-ಇನ್-ವನ್‌ನಲ್ಲಿ ಇಂಗ್ಲಿಷ್ ಹುಡುಗಿಯೊಬ್ಬಳು ಯಾರ್ಯಾರದೋ ಹೆಸರು ಓದುತ್ತಿದ್ದಳು. ಕೇಳುಗರು ಫೋನ್ ಮಾಡಿ ತಮಗೆ ಬೇಕಾದ ಹಾಡು ಕೇಳುವ ಕಾರ್ಯಕ್ರಮ. ಆ ಹುಡುಗಿ ಮಾತು ನಿಲ್ಲಿಸುವುದಕ್ಕೂ ಹಾಡು ಶುರುವಾಗುವುದಕ್ಕೂ ನಡುವೆ ಒಂದು ಉಸಿರಿನಷ್ಟು ಸಂದಿ ಇರುತ್ತದೆ. ಆ ಸಂದಿಯಲ್ಲಿ ಗುಂಡಿ ಬಿಡಬೇಕು. ಮೊದಲೇ ಬಿಟ್ಟರೆ ಹುಡುಗಿಯ ಮಾತು ಕ್ಯಾಸೆಟ್‌ಗೆ ಹೋಗುತ್ತದೆ, ತಡವಾದರೆ ಹಾಡಿನ ತಲೆ ಹಾರುತ್ತದೆ.

ವಾರದಿಂದ ಹೀಗೆ ಕಾಯುತ್ತಿದ್ದಳು. ಒಂದು ದಿನ ಹಾಡೇ ಬರಲಿಲ್ಲ. ಇನ್ನೊಂದು ದಿನ ಬಂದಾಗ ಅಸರ್ ನಮಾಜಿನ ಬಾಂಗ್ ಆಗುತ್ತಿತ್ತು, ರೇಡಿಯೊ ಸಣ್ಣ ಮಾಡಿಟ್ಟಿದ್ದಳು.

ಅವಳ ಗಂಡ ಅಬೂಬಕರನದು ದೋಹಾದ ಬಿನ್ ಒಮ್ರಾನಿನಲ್ಲಿ ಬೇಕರಿಗೂ ಲಾಂಡ್ರಿಗೂ ನಡುವೆ ಸಿಕ್ಕಿಕೊಂಡಂತಿದ್ದ ಕ್ಯಾಸೆಟ್ ಅಂಗಡಿ. ಗಿರಾಕಿಗಳು ತಮಗೆ ಬೇಕಾದ ಹಾಡುಗಳ ಹೆಸರು ಕೊಟ್ಟರೆ ಖಾಲಿ ಕ್ಯಾಸೆಟ್‌ಗೆ ತುಂಬಿಸಿ ಕೊಡುತ್ತಿದ್ದ. ತುಂಬಿಸುತ್ತಿದ್ದವಳು ಮುನೀರಾ. ಅಂಗಡಿಯಲ್ಲಿ ಯಂತ್ರ ಇಡಲು ಜಾಗವಿಲ್ಲವೆಂದು ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಎರಡು ಕ್ಯಾಸೆಟ್ ಹಾಕುವ ಡಬಲ್ ಡೆಕ್ ಮನೆಗೆ ಬಂತು, ಅದರ ಹಿಂದೆಯೇ ಕೆಲಸವೂ ಬಂತು. ಅನ್ನಕ್ಕೆ ಇಟ್ಟು ಒಂದು ಹಾಡು, ಬಟ್ಟೆ ಒಣಹಾಕಿ ಒಂದು ಹಾಡು. ಹಿಂದಿ, ಮಲಯಾಳ, ಅರಬಿ, ಇಂಗ್ಲಿಷ್, ಯಾವುದಾದರೇನು, ಸದ್ದಿನ ಮಟ್ಟ ತೋರಿಸುವ ಮುಳ್ಳು ಕೆಂಪಿಗೆ ಹೋಗದಂತೆ ನೋಡಿಕೊಂಡರೆ ಆಯಿತು. ಗಿರಾಕಿಗಳೆಲ್ಲ ಅಬೂಬಕರನೇ ತುಂಬಿಸುತ್ತಾನೆಂದು ತಿಳಿದಿದ್ದರು. ಅವನೂ ಬೇರೆ ಹೇಳಲು ಹೋಗಲಿಲ್ಲ.

ಈ ಸಲದ ಗಿರಾಕಿ ವಲೇರಿಯನ್. ಮಂಗಳೂರಿನ ಬಿಜೈಯವನು, ಇಲ್ಲಿ ಒಂದು ಕಟ್ಟಡದ ಕಂಪನಿಯಲ್ಲಿ ಸ್ಟೋರ್ ಕೀಪರ್. ಅವನ ಮದುವೆಯಲ್ಲಿ ಮದುಮಕ್ಕಳು ಮೊದಲು ಕುಣಿಯುವಾಗ ಬ್ಯಾಂಡಿನವರು ಒಂದು ಅಮೆರಿಕದ ಪ್ರೀತಿಯ ಹಾಡು ನುಡಿಸಿದ್ದರಂತೆ. ಯಾವ ಧಾಟಿಯಲ್ಲಿ ನುಡಿಸಿದರು ಎಂಬುದಕ್ಕೆ ಅವನಿಗೂ ಊರಿನಲ್ಲಿರುವ ಹೆಂಡತಿ ಎಡ್ನಾಳಿಗೂ ಫೋನಿನಲ್ಲಿ ಜಗಳ. ಅವನು ಮೊದಲಿನ ಗಂಡಸು ಹಾಡಿದಂತೆ ಎನ್ನುತ್ತಾನೆ, ಅವಳು ಆಮೇಲಿನ ಹೆಂಗಸು ಹಾಡಿದಂತೆ ಎನ್ನುತ್ತಾಳೆ. ಅದಕ್ಕೆ ಆ ಒಂದೇ ಹಾಡನ್ನು ಯಾರು ಯಾರು ಹಾಡಿದ್ದಾರೋ ಎಲ್ಲರದ್ದೂ ಒಂದೇ ಕ್ಯಾಸೆಟ್‌ನಲ್ಲಿ ಬೇಕು, ಊರಿಗೆ ಹೋಗುವವರ ಕೈಯಲ್ಲಿ ಕಳಿಸಿ ಅವಳಿಂದಲೇ ಹೇಳಿಸುತ್ತೇನೆ ಎಂದಿದ್ದ.

"ಒಂದೇ ಹಾಡು ಕ್ಯಾಸೆಟ್ ಇಡೀ. ಮಂಡೆ ಸಮ ಇಲ್ಲ ಅವನಿಗೆ," ಎಂದು ಅಬೂಬಕರ್ ಮನೆಯಲ್ಲಿ ನಕ್ಕಿದ್ದ. "ಸೋಲ್ ಅಂತ ಹೆಸರಂತೆ ಆ ಸಂಗೀತಕ್ಕೆ. ಕರಿಯರು ಇಗರ್ಜಿಯಲ್ಲಿ ಹಾಡ್ತಿದ್ದದ್ದನ್ನೇ ಹೊರಗೆ ತಂದದ್ದಂತೆ. ನನಗೆ ಅಂಗಡಿ ಬಾಗಿಲಲ್ಲಿ ಪಾಠ ಮಾಡಿದ."

ಮುನೀರಾಳಿಗೆ ಮೊದಲು ಅದು ಸುಲಭದ ಕೆಲಸ ಅನ್ನಿಸಿತ್ತು. ಅಂಗಡಿಯ ಹಳೆಯ ದಾಸ್ತಾನಿನಿಂದ, ಗುರುತಿನ ಇತರ ಅಂಗಡಿಗಳಿಂದ ಒಂದೊಂದಾಗಿ ಬಂದವು. ಮೊದಲನೆಯವನು ಅರವತ್ತರ ದಶಕದವನು. ಎಲ್ಲಿಂದಲೋ ಓಡಿಬಂದು ಬಾಗಿಲಲ್ಲಿ ನಿಂತವನ ಹಾಗೆ ಏದುಸಿರು ಬಿಡುತ್ತ ಹಾಡುತ್ತಾನೆ, ಹಿಂದೆ ಕಹಳೆಗಳು. ಆಮೇಲೆ ಒಬ್ಬ ಹೆಂಗಸು, ಬರೀ ಪಿಯಾನೊ, ಓಡಿಬರುವ ಅವಸರವೇ ಇಲ್ಲ. ಮತ್ತೊಂದರಲ್ಲಿ ಅದೇ ಹಾಡು ಕಡಲಿನ ಅಲೆಯ ಹಾಗೆ ಹಿಂದೆ ಮುಂದೆ ತೂಗುತ್ತಿತ್ತು. ಒಂದರಲ್ಲಿ ಮಾತೇ ಇರಲಿಲ್ಲ, ಬರೀ ಪೀಪಿ. ದೊಡ್ಡ ಹೋಟೆಲಿನ ಲಿಫ್ಟಿನಲ್ಲಿ ಹಾಕುವಂಥದ್ದು. ಒಂದನ್ನು ಮುಗಿಸಿ ಇನ್ನೊಂದನ್ನು ತುಂಬಿಸುವಾಗ ಅವಳಿಗೆ ಏನೋ ತಳಮಳ ಶುರುವಾಯಿತು. ಹಾಡು ಒಂದೇ, ಆದರೆ ಒಬ್ಬೊಬ್ಬರು ಒಂದೊಂದು ಕಡೆ ನಿಲ್ಲುತ್ತಿದ್ದರು. ಒಬ್ಬನು ಬಿಟ್ಟದ್ದನ್ನು ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು. ಗುಡಿಸುವಾಗ, ತಲೆ ಬಾಚುವಾಗ, ನಮಾಜಿಗೆ ವುಜೂ ಮಾಡುವಾಗ ಕೂಡ ಅದು ಒಳಗೆ ಸುತ್ತುತ್ತಿತ್ತು. ಅಸ್ತಗ್‌ಫಿರುಲ್ಲಾ, ಅಲ್ಲಾಹು ಕ್ಷಮಿಸಲಿ, ಎಂದುಕೊಂಡು ಮುಖಕ್ಕೆ ಇನ್ನೊಮ್ಮೆ ನೀರು ಹಾಕಿಕೊಂಡಿದ್ದಳು.

ಇಂಗ್ಲಿಷ್ ಶಾಲೆಗೆ ಹೋಗುವ ಮಗಳು ನಹ್ಲಾಳನ್ನು ಒಂದು ದಿನ ಕರೆದು ಕೇಳಿದಳು.

"ಎಂತ ಹೇಳ್ತಾನೆ ಇವ?"

"ಲವ್ ಸಾಂಗ್ ಉಮ್ಮಾ."

"ಅದು ಗೊತ್ತಾಯ್ತು. ಎಂತ ಹೇಳ್ತಾನೆ?"

ನಹ್ಲಾಳ ಕಿವಿ ಕೆಂಪಾಯಿತು. "ಕೋಟ್ ತೆಗೆದಿಟ್ಟು ಕೂತ್ಕೋ ಅಂತಾನೆ."

"ಮತ್ತೆ?"

"ಮತ್ತೆ ಏನಿಲ್ಲ. ನಿಂತ್ಕೊಂಡೇ ಮಾತಾಡ್ಬೇಡ, ಅರ್ಜೆಂಟ್ ಇಲ್ಲ, ಕೂತ್ಕೋ. ಎಂಡ್‌ವರೆಗೂ ಅದೇ."

"ಅವಳು ಕೂತಳಾ?"

"ಗೊತ್ತಿಲ್ಲ. ಹಾಡು ಮುಗೀತದೆ. ಆ ಮುದುಕಂದು ಯಾಕೆ ಕೇಳ್ತಿ ಉಮ್ಮಾ? ಹೊಸ ಬಾಯ್ಸ್ ಗ್ರೂಪ್ ಉಂಟು, ಅವರ ಹಾಡನ್ನೇ ಇವ ಕಾಪಿ ಮಾಡಿದ್ದು."

"ಇವ ಹಾಡುವಾಗ ಆ ಹುಡುಗರು ಹುಟ್ಟಿರ್ಲೇ ಇಲ್ಲ."

"ಹಾಗಾದ್ರೆ ಅವರದ್ದೇ ಬೆಟರ್ ಕಾಪಿ."

ಆ ಹುಡುಗರ ಹಾಡಿಗಾಗಿಯೇ ಈಗ ಮುನೀರಾ ಮೀನು ಬಿಟ್ಟು ನಿಂತದ್ದು. ಅದರ ಕ್ಯಾಸೆಟ್ ಇನ್ನೂ ದೋಹಾಕ್ಕೆ ಬಂದಿರಲಿಲ್ಲ. ವಲೇರಿಯನ್‌ಗೆ ಅದೂ ಬೇಕಿತ್ತು. ಬಿ ಸೈಡಿನಲ್ಲಿ ಜಾಗ ಉಳಿದಿದ್ದ ಅವನ ಕ್ಯಾಸೆಟ್ಟನ್ನೇ ಟೂ-ಇನ್-ವನ್‌ಗೆ ಹಾಕಿ, ರೇಡಿಯೊದಿಂದ ನೇರ ಹಿಡಿಯುವುದೆಂದು ತೀರ್ಮಾನವಾಗಿತ್ತು.

ಹುಡುಗಿ ಮಾತು ನಿಲ್ಲಿಸಿದಳು. ಮುನೀರಾ ಗುಂಡಿ ಬಿಟ್ಟಳು. ಹಾಡು ತಲೆ ಸಮೇತ ಸಿಕ್ಕಿತು.

ಹುಡುಗರ ಸ್ವರ ಚೆನ್ನಾಗಿತ್ತು. ಐದಾರು ಜನ ಸೇರಿ ಒಬ್ಬರ ಮೇಲೊಬ್ಬರು ಏರುತ್ತಿದ್ದರು. ಆದರೆ ಮೊದಲಿನವನು ಕೊನೆಯ ಸಾಲಿಗೆ ಮುಂಚೆ ಸುಮ್ಮನಾಗುವ ಒಂದು ಕಡೆ ಇತ್ತು. ಅವಳು ಕೂರುತ್ತಾಳೋ ಇಲ್ಲವೋ ಎಂದು ನೋಡುವ ಹಾಗೆ ಅವನು ತಡೆಯುತ್ತಿದ್ದ. ಹುಡುಗರು ಅಲ್ಲಿ ತಡೆಯಲೇ ಇಲ್ಲ. ಡ್ರಮ್ಮು ಬಾರಿಸುತ್ತ ಹಾದುಹೋದರು. ಮುನೀರಾಳಿಗೆ ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ತಪ್ಪಿದಂತಾಯಿತು. ಹಾಡು ಮುಗಿದೊಡನೆ, ಹುಡುಗಿಯ ಮಾತು ಬರಬಾರದೆಂದು ರೇಡಿಯೊದ ಸ್ವಿಚ್ಚನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಚೂರಿ ಎತ್ತಿಕೊಂಡು ಬೂತಾಯಿ ಕೆರೆಯತೊಡಗಿದಳು. ಕೆರೆಯುತ್ತ, ಆ ಹುಡುಗರು ಬಿಟ್ಟದ್ದನ್ನು ಗಂಟಲಲ್ಲೇ ಸರಿಮಾಡಿದಳು. ಅಲ್ಲಿ ತಡೆದು, ಆಮೇಲೆ ಮುಂದೆ. ಇನ್ನೊಮ್ಮೆ. ಮೊದಲು ಮೂಗಿನಲ್ಲಿ; ಆಮೇಲೆ ಬಾಯಿ ತೆರೆದು, ಮಾತು ಬಾರದ ಕಡೆ ತನ್ನ ಬ್ಯಾರಿ ಮಾತನ್ನೇ ಎರಡು ಹಾಕಿ.

ಎಲ್ಲೋ ಟಕ್ ಎಂದಿತು. ಅದೇ ಹೊತ್ತಿಗೆ ಬಾಗಿಲಲ್ಲಿ ಅಬೂಬಕರ್.

"ಯಲ್ಲಾ, ಆಯ್ತಾ? ಆ ಪುರ್ಬು ವಲೇರಿಯನ್ ಅಂಗಡಿ ಎದುರು ಕಾರು ಅಡ್ಡ ಹಾಕಿ ಕಾಯ್ತಾ ಇದ್ದಾನೆ."

ಮುನೀರಾ ಕೈ ಒರೆಸಿ, ಕ್ಯಾಸೆಟ್ ತೆಗೆದು ಡಬ್ಬಿಗೆ ಹಾಕಿ ಕೊಟ್ಟಳು. ಅವನು ನಿಂತಲ್ಲೇ ಒಂದು ಲೋಟ ನೀರು ಕುಡಿದು ಇಳಿದುಹೋದ.

ಸಂಜೆ ನಹ್ಲಾಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುವಾಗ ಆ ಟಕ್ ಅವಳ ನೆನಪಿಗೆ ಬಂತು. ತಾನೇ ಸ್ಟಾಪ್ ಒತ್ತಿದ್ದರೆ ಟೇಪು ಕೊನೆಮುಟ್ಟಿ ಟಕ್ ಅನ್ನುವುದು ಹೇಗೆ?

ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಅಡಿಗೆಮನೆಗೆ ಹೋದಳು. ಒಂದು ಹಾಳು ಕ್ಯಾಸೆಟ್ ಹಾಕಿ, ರೇಡಿಯೊ ಸ್ವಿಚ್ಚು ಪಕ್ಕಕ್ಕಿದ್ದಂತೆಯೇ ರೆಕಾರ್ಡ್ ಒತ್ತಿ, "ನಹ್ಲಾ" ಎಂದಳು. ಹಿಂದಕ್ಕೆ ಓಡಿಸಿ ಹಾಕಿದರೆ ಯಂತ್ರದೊಳಗಿನಿಂದ ಅವಳದೇ ಸ್ವರ "ನಹ್ಲಾ" ಎಂದಿತು. ರೇಡಿಯೊ ಆರಿಸಿದರೆ ಈ ಯಂತ್ರ ತನ್ನ ಮೈಕಿನಿಂದ ಕೋಣೆಯ ಸದ್ದನ್ನು ಹಿಡಿಯುತ್ತದೆಂದು ಅವಳಿಗೆ ಗೊತ್ತಿಲ್ಲದ್ದಲ್ಲ. ಮೊದಲ ವರ್ಷಗಳಲ್ಲಿ ಊರಿಗೆ ಕಾಗದದ ಬದಲು ಮಾತಿನ ಕ್ಯಾಸೆಟ್ ಕಳಿಸುತ್ತಿದ್ದದ್ದು ಇದರಿಂದಲೇ. ಅಬೂಬಕರ್ ಒಂದು ಸೈಡು ಪೂರ್ತಿ ಮಾತಾಡಿ ಕೊನೆಗೆ, "ಮುನೀರಾ ಸಲಾಂ ಹೇಳ್ತಾಳೆ" ಎನ್ನುತ್ತಿದ್ದ. ಅವಳು ಪಕ್ಕದಲ್ಲಿ ನಿಂತು ತಲೆಯಾಡಿಸುತ್ತಿದ್ದಳು.

ವಲೇರಿಯನ್‌ನ ರೂಮಿನಲ್ಲಿ ಇನ್ನೂ ಮೂರ್ನಾಲ್ಕು ಗಂಡಸರು ಇದ್ದಾರೆಂದು ಗಂಡನೇ ಹೇಳಿದ್ದ. ಅವರೆಲ್ಲ ಮಂಚದ ಮೇಲೆ ಕಾಲು ಚಾಚಿಕೊಂಡು ಅವಳ ಸ್ವರ ಕೇಳುತ್ತಿರಬಹುದು, ಈಗ, ಈ ಹೊತ್ತಿನಲ್ಲೇ. ಉಳ್ಳಾಲದ ಮನೆಯಲ್ಲಿ ಹನ್ನೆರಡು ವರ್ಷಕ್ಕೆ ಕಾಲಿಟ್ಟ ಮೇಲೆ ಅವಳ ಉಮ್ಮ ಯಾವಾಗಲೂ ಹೇಳುತ್ತಿದ್ದದ್ದು ಒಂದೇ ಮಾತು: ಮೆಲ್ಲ, ಮೆಲ್ಲ. ಬೈದು ಹೇಳಿದ್ದಲ್ಲ, ಬಾವಿಕಟ್ಟೆಯಲ್ಲಿ ಕೊಡ ಜಾರದಂತೆ ಹಿಡಿ ಎಂದು ಹೇಳಿದಷ್ಟೇ ಸಹಜವಾಗಿ ಹೇಳಿದ್ದು. ಅವಳೂ ಅಷ್ಟೇ ಸಹಜವಾಗಿ ಮೆಲ್ಲಗಾದಳು. ಅಬೂಬಕರನ ಎದುರು ಅವಳು ಒಮ್ಮೆಯೂ ಹಾಡಿದವಳಲ್ಲ. ಅವನೂ ಕೇಳಿದವನಲ್ಲ. ಈಗ ಗೊತ್ತಾದರೆ ಅವನು ಹೊಡೆಯುವವನಲ್ಲ, ಕೂಗಾಡುವವನೂ ಅಲ್ಲ. ಡೆಕ್ಕನ್ನು ಎತ್ತಿ ಅಂಗಡಿಗೆ ಒಯ್ಯುತ್ತಾನೆ. ಕೆಲಸಕ್ಕೆ ಒಬ್ಬ ಮಲಬಾರಿ ಹುಡುಗನನ್ನು ಇಟ್ಟುಕೊಳ್ಳುತ್ತಾನೆ. ಅಲ್ಲಿಗೆ ಖಲಾಸ್. ಗೋಡೆಯ ಆ ಜಾಗದಲ್ಲಿ ಶೋಕೇಸೋ ಇನ್ನೇನೋ ಬರುತ್ತದೆ. ಅವಳು ನೆಲ ಒರೆಸುತ್ತಾಳೆ, ಅನ್ನಕ್ಕೆ ಇಡುತ್ತಾಳೆ, ಮನೆ ಸುಮ್ಮನಿರುತ್ತದೆ.

ಊಟಕ್ಕೆ ಕೂತಾಗ ಗಂಡನಿಗೆ ಹೇಳಿದಳು, "ಆ ವಲೇರಿಯನ್‌ನ ಕ್ಯಾಸೆಟ್ ಸರಿ ಬರ್ಲಿಲ್ಲ ಅಂತ ಕಾಣ್ತದೆ. ವಾಪಸ್ ತರಿಸಿ, ಬೇರೆ ಮಾಡಿ ಕೊಡ್ತೇನೆ."

"ಅವ ಕಂಪ್ಲೇಂಟ್ ಮಾಡಿದನಾ?"

"ಇಲ್ಲ."

"ಗಿರಾಕಿ ಸುಮ್ಮನಿರುವಾಗ ನಿನಗೆಂತ ತಲೆಬಿಸಿ? ಮೀನು ಹಾಕು."

ಮುಂದಿನ ದಿನಗಳಲ್ಲಿ ಅವಳಿಗೆ ಎಲ್ಲೂ ನಿಲ್ಲಲಾಗಲಿಲ್ಲ. ಟೆಲಿಫೋನ್ ಹೊಡೆದುಕೊಂಡರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದಳು. ಮೆಟ್ಟಿಲಲ್ಲಿ ಗಂಡನ ಹೆಜ್ಜೆ ಕೇಳಿದರೆ ಅದು ಎಂದಿನಂತಿದೆಯೋ ಭಾರವಾಗಿದೆಯೋ ಎಂದು ಕಿವಿಗೊಡುತ್ತಿದ್ದಳು. ಒಂದು ಹಿಂದಿ ಕ್ಯಾಸೆಟ್ ತುಂಬಿಸುವಾಗ ಎ ಸೈಡಿನ ಮೇಲೆಯೇ ಬಿ ಸೈಡಿನ ಹಾಡು ಹಾಕಿ ಕೆಡಿಸಿದಳು. ಎದುರು ಫ್ಲಾಟಿನ ಲೀಲಾಕ್ಷಿ ಕೊತ್ತಂಬರಿ ಸೊಪ್ಪು ಕೇಳಲು ಬಂದವಳು, "ಮುನೀರಕ್ಕ, ಎಂತ ಮಾರಾಯ್ರೆ, ಮುಖ ಸಪ್ಪೆ ಉಂಟಲ್ಲ? ಊರಿಂದ ಫೋನ್ ಬಂತಾ?" ಎಂದಳು. "ಏನಿಲ್ಲ, ಸೆಕೆ," ಎಂದಳು ಮುನೀರಾ. ಡಿಸೆಂಬರ್ ತಿಂಗಳು. ಲೀಲಾಕ್ಷಿ ಸೊಪ್ಪು ಹಿಡಿದುಕೊಂಡು ಒಂದು ಗಳಿಗೆ ನೋಡಿ ಹೋದಳು.

ಇದರ ನಡುವೆ ಇನ್ನೊಂದು ಯೋಚನೆ ಬಂದುಬಂದು ಹೋಗುತ್ತಿತ್ತು. ಅದು ಬಂದಾಗ ಅವಳು ತನ್ನ ಮೇಲೇ ಸಿಟ್ಟಾಗುತ್ತಿದ್ದಳು. ಹೇಗೆ ಬಂದಿರಬಹುದು? ಆ ತಡೆಯುವ ಕಡೆ ಸರಿ ಬಂದಿತ್ತೇ?

ಒಂದು ಮಧ್ಯಾಹ್ನ ಅಬೂಬಕರ್ ಅಂಗಡಿ ಮುಚ್ಚಿ ಊಟಕ್ಕೆ ಬಂದವನು, ಕಾಲು ತೊಳೆಯುವುದಕ್ಕೆ ಮುಂಚೆ ಜೇಬಿನಿಂದ ಆ ಕ್ಯಾಸೆಟ್ ತೆಗೆದ. ಮುನೀರಾಳ ಕೈಯಲ್ಲಿದ್ದ ಸೌಟು ಪಾತ್ರೆಯ ಅಂಚಿಗೆ ಬಡಿಯಿತು.

"ಇದರ ಕೊನೆಯಲ್ಲಿ ಎಂತ ಹಾಕಿದ್ದಿ ನೀನು?"

ಅವಳು ಒಲೆ ಸಣ್ಣ ಮಾಡಿದಳು.

"ಕೇಳು." ಅವನು ಡೆಕ್ಕಿನ ಮೇಲಿನ ಬಟ್ಟೆ ಸರಿಸಿ, ಕ್ಯಾಸೆಟ್ ಹಾಕಿ, ಮುಂದೆ ಓಡಿಸಿದ. ನಹ್ಲಾ ಶಾಲೆಯ ಚೀಲ ಇಳಿಸಿ, ಸಾಕ್ಸ್ ತೆಗೆಯುತ್ತ ಕೂತಿದ್ದಳು. ಹುಡುಗರ ಹಾಡಿನ ಬಾಲ ಬಂತು, ಒಂದು ಕಿರ್ರೆನ್ನುವ ಸದ್ದು, ಸ್ವಲ್ಪ ಹೊತ್ತು ಫ್ರಿಜ್ಜಿನ ಗುಂಯ್‌ಗುಡುವಿಕೆ. ಆಮೇಲೆ ಕರಕರ, ಕರಕರ. ಅದರ ಮೇಲೆ ಒಂದು ಹೆಂಗಸಿನ ಸ್ವರ.

ಮುನೀರಾಳಿಗೆ ಮೊದಲ ಗಳಿಗೆ ಅದು ತನ್ನದೆಂದು ಅನ್ನಿಸಲಿಲ್ಲ. ತನ್ನ ತಲೆಯೊಳಗೆ ಕೇಳುವುದಕ್ಕಿಂತ ದಪ್ಪಗಿತ್ತು, ಸ್ವಲ್ಪ ಒಡೆದ ಹಾಗೆ. ಅದು ಏರುವ ಕಡೆ ಏರದೆ ಬಾಗುತ್ತಿತ್ತು. ಆ ತಡೆಯುವ ಕಡೆ ಬಂದಾಗ ನಿಂತಿತು. ಕರಕರ ಮಾತ್ರ ಸಾಗಿತು. ಆಮೇಲೆ ಸ್ವರ ಮೆಲ್ಲಗೆ ಮತ್ತೆ ಸೇರಿಕೊಂಡಿತು. ಸರಿಯೇ ಬಂದಿತ್ತು.

ಅವಳು ಗಂಡನ ಮುಖ ನೋಡಿದಳು.

"ಯಾರಿದು?" ಎಂದ ಅಬೂಬಕರ್.

ಅವನು ನಿಜವಾಗಿಯೂ ಕೇಳುತ್ತಿದ್ದ. ಮುನೀರಾಳಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಮಲಯಾಳದವಳು ಅಂತ ಕಾಣ್ತದೆ, ಅಲ್ವಾ? ನಡುವೆ ಎಂತದೋ ಎರಡು ಮಾತು ಬರ್ತದೆ, ಸರಿ ಕೇಳುವುದಿಲ್ಲ. ಹಿಂದೆ ಆ ವಾದ್ಯ ಎಂತದು, ಕರಕರ ಅಂತ? ವಲೇರಿಯನ್ ಹೇಳ್ತಾನೆ, ಆಫ್ರಿಕದವರು ಒಣ ಸೋರೆಬುರುಡೆಗೆ ಕಡ್ಡಿ ಉಜ್ಜಿ ನುಡಿಸ್ತಾರಂತೆ, ಅದೇ ಇರ್ಬೇಕು ಅಂತ. ಅವನ ರೂಮಿನವರಿಗೆಲ್ಲ ಹುಚ್ಚು ಹಿಡಿದಿದೆ. ಇವಳ ಇಡೀ ಕ್ಯಾಸೆಟ್ ಬೇಕಂತೆ. ಎಲ್ಲಿಂದ ಹಾಕಿದ್ದಿ?"

ಮೂಲೆಯಿಂದ ನಹ್ಲಾ ಒಂದು ಕಾಲಿನ ಸಾಕ್ಸ್ ಕೈಯಲ್ಲಿ ಹಿಡಿದು ತಾಯಿಯನ್ನೇ ನೋಡುತ್ತಿದ್ದಳು. ಅವಳ ಬಾಯಿ ಅರ್ಧ ತೆರೆದಿತ್ತು. ಮುನೀರಾ ಅವಳ ಕಡೆ ಒಂದು ನೋಟ ಹಾಕಿದಳು. ಬಾಯಿ ಮುಚ್ಚಿತು.

"ರೇಡಿಯೊ," ಎಂದಳು ಮುನೀರಾ. "ಆ ಹುಡುಗರ ಹಾಡಾದ ಮೇಲೆ ಬಂತು. ನಾನು ಮೀನು ಕೆರೀತಾ ಇದ್ದೆ, ನಿಲ್ಲಿಸ್ಲಿಕ್ಕೆ ಮರೆತೆ."

"ಹೆಸರು ಹೇಳಿರ್ಬೇಕಲ್ಲ."

"ನನಗೆ ಇಂಗ್ಲಿಷ್ ಬರ್ತದಾ?"

"ಹ್ಮ್." ಅವನು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದ. ಅನ್ನ ಆರುತ್ತಿತ್ತು. ಯಾವಾಗಲೂ ಅರ್ಧ ನಿಂತುಕೊಂಡೇ ಊಟ ಮುಗಿಸಿ, ಗಡಿಯಾರ ನೋಡಿ, ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಎದ್ದುಹೋಗುವವನು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತ. ಕಣ್ಣು ಮುಚ್ಚಿದ.

ಅಪ್ಪ ಒಳಗೆ ಹೋದ ಮೇಲೆ ನಹ್ಲಾ ಅಡಿಗೆಮನೆಗೆ ನುಗ್ಗಿದಳು. "ಉಮ್ಮಾ, ಅದು ನೀನು. ಉಪ್ಪನಿಗೆ ಗೊತ್ತೇ ಆಗ್ಲಿಲ್ಲ. ಹೌ ಕ್ಯಾನ್ ಹಿ ನಾಟ್ ನೋ?"

"ಬಾಯಿ ಮುಚ್ಚು."

"ನಾನು ದಿನಾ ಕೇಳ್ತೇನೆ, ನೀನು ಪಾತ್ರೆ ತೊಳೆಯುವಾಗ. ಸೇಮ್ ಕರಕರ."

"ಯಾರ ಹತ್ರವೂ ಹೇಳಬೇಡ ಮಗಾ."

ನಹ್ಲಾ ಯೋಚಿಸಿದಳು. "ಫ್ರೈಡೇ ತೃಷಾಳ ಬರ್ತ್‌ಡೇಗೆ ಹೋಗ್ಲಾ?"

"ಹೋಗು."

"ಜೀನ್ಸ್ ಹಾಕಿ?"

"ನಹ್ಲಾ."

"ಸುಮ್ಮನೆ ಕೇಳಿದೆ."

ಭಯ ಕಳೆಯಿತು, ಕಳೆದ ಜಾಗಕ್ಕೆ ಬಂದದ್ದು ನೆಮ್ಮದಿಯಲ್ಲ. ಅಬೂಬಕರ್ ಕ್ಯಾಸೆಟ್ ಹಿಂದೆ ಕೊಡಲಿಲ್ಲ, ಹುಡುಕಬೇಕೆಂದು ವಲೇರಿಯನ್‌ಗೆ ಹೇಳಿ ಇಟ್ಟುಕೊಂಡ. ದಿನವೂ ಮಧ್ಯಾಹ್ನ ಊಟವಾದ ಮೇಲೆ ಅದನ್ನು ಹಾಕುತ್ತಿದ್ದ. ಮೊದಲಿನ ಗಂಡಸು, ಪಿಯಾನೊದ ಹೆಂಗಸು, ಕಡಲಿನವರು, ಎಲ್ಲರನ್ನೂ ದಾಟಿಸಿ ನೇರ ಕೊನೆಗೆ ಹೋಗುತ್ತಿದ್ದ. ಚಾಪೆಯ ಮೇಲೆ ಅಂಗಾತ ಮಲಗಿ, ಕೈಯನ್ನು ಹಣೆಯ ಮೇಲಿಟ್ಟು ಕೇಳುತ್ತಿದ್ದ. ಮುನೀರಾ ತಟ್ಟೆ ತೆಗೆಯುವ ನೆಪದಲ್ಲಿ ಬಂದು ನೋಡುತ್ತಿದ್ದಳು. ಅವನ ಮುಖದ ಗಂಟು ಸಡಿಲವಾಗಿರುತ್ತಿತ್ತು. ಮದುವೆಯಾದ ಹೊಸತರಲ್ಲಿ, ಊರಿನಲ್ಲಿ ರಜೆಯ ದಿನ ನಿದ್ದೆಹೋದಾಗ ಮಾತ್ರ ಆ ಮುಖ ನೋಡಿದ್ದಳು.

"ಏನೋ ಒಂದು ಉಂಟು ಇವಳಲ್ಲಿ," ಎಂದ ಒಂದು ದಿನ, ಕಣ್ಣು ತೆರೆಯದೆ. "ದೊಡ್ಡ ಹಾಡುಗಾರ್ತಿ ಅಲ್ಲ. ಆದ್ರೆ ನಮ್ಮ ಹತ್ರ ಕೂತು ಹೇಳಿದ ಹಾಗೆ."

"ಯಾರಾದ್ರೂ ಆಗ್ಲಿ, ನಿಮಗೆಂತ," ಎಂದಳು ಮುನೀರಾ. ಸ್ವರ ಅವಳೆಣಿಸಿದ್ದಕ್ಕಿಂತ ಒರಟಾಗಿ ಬಂತು.

ಅವನು ಕಣ್ಣು ತೆರೆದು ನಕ್ಕ. "ಕ್ಯಾಸೆಟ್‌ನವಳ ಮೇಲೆ ಹೊಟ್ಟೆಕಿಚ್ಚಾ ನಿನಗೆ?"

ಹೌದು ಎಂದು ಅವಳಿಗೆ ಗೊತ್ತಾಯಿತು. ಆ ಹೆಂಗಸಿನ ಮೇಲೆ ಅವಳಿಗೆ ನಿಜವಾಗಿಯೂ ಹೊಟ್ಟೆಕಿಚ್ಚು. ಆ ಹೆಂಗಸಿಗೆ ಮುಖವಿಲ್ಲ, ಮೀನಿನ ವಾಸನೆಯಿಲ್ಲ, ಸೊಂಟನೋವಿಲ್ಲ. ಅವಳು ನಿಲ್ಲು ಎಂದಲ್ಲಿ ಇವನು ನಿಲ್ಲುತ್ತಾನೆ, ಕೂತುಕೋ ಎಂದರೆ ಕೂರುತ್ತಾನೆ. ಮುನೀರಾ ಇಷ್ಟು ವರ್ಷ ಅನ್ನದ ತಟ್ಟೆ ಹಿಡಿದು ಹೇಳಿದ್ದೂ ಅದನ್ನೇ, ಸ್ವಲ್ಪ ಕೂತ್ಕೊಳ್ಳಿ ಅಂತ. ರಾಗ ಒಂದು ಮಾತ್ರ ಇರಲಿಲ್ಲ.

ಅಂದು ಸಂಜೆ ಚಹಾ ಕೊಡುವಾಗ ಧೈರ್ಯ ಮಾಡಿ ಕೇಳಿದಳು. "ಅವಳು ಸಿಕ್ಕಿದ್ರೆ ಎಂತ ಮಾಡ್ತೀರಿ?"

"ಕ್ಯಾಸೆಟ್ ಮಾಡಿಸುವುದು. ವಲೇರಿಯನ್‌ಗೆ ಬ್ಯಾಂಡಿನವರೆಲ್ಲ ಗೊತ್ತು. ನಮ್ಮ ಕಡೆಯ ಹಾಡು ನಾಲ್ಕು, ಇಂಥದ್ದು ನಾಲ್ಕು. ಗಲ್ಫಿನಲ್ಲಿ ಚೆಂದ ನಡೀತದೆ."

"ಅವಳು ನಮ್ಮವಳೇ ಆಗಿದ್ರೆ? ಬ್ಯಾರಿ ಹೆಂಗಸು?"

"ನಮ್ಮವಳು ಹಾಗೆಲ್ಲ ಹಾಡ್ತಾಳಾ?"

"ಹಾಡಿದ್ದಾಳೆ ಅಂತ ಇಟ್ಕೊಳ್ಳಿ. ನಮ್ಮ ಮನೆಯವಳೇ ಅಂತ ಇಟ್ಕೊಳ್ಳಿ. ನಿಮ್ಮ ತಂಗಿ ಅಂತ."

ಅಬೂಬಕರ್ ಚಹಾದ ಲೋಟ ಕೆಳಗಿಟ್ಟ. ಸಿಟ್ಟಾಗಲಿಲ್ಲ. ಅವಳು ತುಂಬಾ ಸಣ್ಣ ಮಕ್ಕಳ ಪ್ರಶ್ನೆ ಕೇಳಿದಂತೆ ಅವಳನ್ನು ನೋಡಿದ. "ಎಂತ ಮಾತು ಮಾರಾಯ್ತಿ. ಮನೆಯವರು ಹಾಡಿದ್ರೆ ಅದು ಹಾಡಾಗ್ತದಾ? ಮರ್ಯಾದೆ ಹೋಗುದಷ್ಟೇ." ಲೋಟ ಮತ್ತೆ ಎತ್ತಿ ಒಂದು ಗುಟುಕು ಕುಡಿದು, "ಚಹಾಕ್ಕೆ ಸಕ್ಕರೆ ಹಾಕಿದ್ದಿಯಾ ಇಲ್ವಾ?" ಎಂದ.

ಮರುದಿನ ಮಧ್ಯಾಹ್ನ ಅವಳು ಪಾತ್ರೆ ತೊಳೆಯುತ್ತಿದ್ದಳು. ಆಚೆ ಕ್ಯಾಸೆಟ್ ಶುರುವಾಯಿತು. ಕರಕರ ಬಂತು, ಸ್ವರ ಬಂತು. ಮುನೀರಾ ತಾನಾಗಿಯೇ ಅದರ ಜೊತೆ ಸೇರಿದಳೋ, ಬೇಕೆಂದೇ ಸೇರಿದಳೋ, ಆಮೇಲೆ ಯೋಚಿಸಿದರೂ ಅವಳಿಗೆ ತಿಳಿಯಲಿಲ್ಲ. ತೆಂಗಿನ ನಾರಿನಿಂದ ಬಾಣಲೆಯ ತಳ ಉಜ್ಜುತ್ತ, ಅದೇ ಎತ್ತರದಲ್ಲಿ, ಅದೇ ಬಾಗಿನಲ್ಲಿ. ಮೆಲ್ಲಗಲ್ಲ. ಬಾಗಿಲು ತೆರೆದಿತ್ತು. ಎರಡು ಸ್ವರಗಳೂ ಒಂದರ ಮೇಲೊಂದು ಕೂತು, ಯಾವುದು ಡೆಕ್ಕಿನಿಂದ ಯಾವುದು ಗಂಟಲಿನಿಂದ ಎಂದು ಅವಳಿಗೇ ಬೇರೆ ಮಾಡಲಾಗಲಿಲ್ಲ. ಈಗ ಅವನು ಎದ್ದು ಬರುತ್ತಾನೆ ಎಂದುಕೊಂಡಳು. ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಬೈಯಲಿ, ಡೆಕ್ಕು ಒಯ್ಯಲಿ, ಶೋಕೇಸು ಬರಲಿ. ಬಂದು ನಿಲ್ಲಲಿ. ತಡೆಯುವ ಕಡೆ ಬಂದಾಗ ಇಬ್ಬರೂ ನಿಂತರು.

ಆ ಮೌನದಲ್ಲಿ ಆಚೆಯಿಂದ ಅಬೂಬಕರ್ ಹೇಳಿದ, "ಮುನೀ, ಸ್ವಲ್ಪ ಸುಮ್ಮನಿರು. ಹಾಡು ಕೇಳಿಸುವುದಿಲ್ಲ."

ಮುನೀರಾ ನಲ್ಲಿ ನಿಲ್ಲಿಸಿದಳು. ಕೈಯಿಂದ ಸಾಬೂನು ನೀರು ಇಳಿಯುತ್ತಿತ್ತು. ಆಚೆ ಆ ಹೆಂಗಸು ಕೊನೆಯ ಸಾಲು ಮುಗಿಸಿದಳು, ಟಕ್ ಎಂದಿತು.

ಬುಧವಾರ ಅವನು ಅಂಗಡಿಗೆ ಹೊರಡುವ ಮುಂಚೆ ಕ್ಯಾಸೆಟ್ಟನ್ನು ಅವಳ ಕೈಗೆ ಕೊಟ್ಟ. "ನಾಳೆ ವಲೇರಿಯನ್‌ಗೆ ವಾಪಸ್ ಕೊಡ್ಬೇಕು. ಅವನ ದೋಸ್ತಿ ಯೂಜಿನ್ ಊರಿಗೆ ಹೋಗ್ತಾನೆ, ಅವನ ಕೈಯಲ್ಲಿ ಹೆಂಡತಿಗೆ ಕಳಿಸ್ತಾನಂತೆ. ಕೊನೆಯದ್ದು ಯಾರು ಹಾಡಿದ್ದು ಅಂತ ಅವಳಿಗಾದ್ರೂ ಗೊತ್ತಿರ್ಬಹುದು ಅಂತಾನೆ. ಅದಕ್ಕೆ ಮುಂಚೆ ನನಗೊಂದು ಕಾಪಿ ಮಾಡಿಡು. ಬೇರೆ ಎಲ್ಲ ಹೇಗೂ ಆಗ್ಲಿ, ಕೊನೆಯದ್ದು ಕ್ಲಿಯರ್ ಬರ್ಬೇಕು."

"ಆಯ್ತು," ಎಂದಳು.

"ಮರೀಬೇಡ."

"ಇಲ್ಲ."

ಅವನು ಹೋದ ಮೇಲೆ ಡೆಕ್ಕಿನ ಎಡಗಡೆ ವಲೇರಿಯನ್‌ನ ಕ್ಯಾಸೆಟ್ ಹಾಕಿದಳು, ಬಲಗಡೆ ಖಾಲಿಯದ್ದು. ಎರಡೂ ಒಟ್ಟಿಗೆ ತಿರುಗತೊಡಗಿದವು. ಓಡಿಬಂದವನು ಬಂದ. ಅವನು ಯಾರನ್ನೋ ಕೂರು ಎನ್ನುತ್ತಿದ್ದ, ಅವಳು ಕೂತಳೋ ಇಲ್ಲವೋ. ಮುನೀರಾ ಒಗೆದ ಬಟ್ಟೆಯ ರಾಶಿ ಮುಂದಿಟ್ಟುಕೊಂಡು ಮಡಿಸುತ್ತ ಕೂತಳು.

ನಾಳೆ ಈ ಕ್ಯಾಸೆಟ್ ಯಾರದೋ ಚೀಲದಲ್ಲಿ, ಒಣಹಣ್ಣಿನ ಪೊಟ್ಟಣಗಳ, ಸಾಬೂನುಗಳ, ನೈಲಾನ್ ಸೀರೆಗಳ ನಡುವೆ ವಿಮಾನ ಹತ್ತುತ್ತದೆ. ಬಿಜೈಯಲ್ಲಿ ಎಡ್ನಾ ಎಂಬವಳು ಅದನ್ನು ತೆಗೆದು ಹಾಕುತ್ತಾಳೆ. ಅವಳ ಮುಖ ಹೇಗೋ ಮುನೀರಾಳಿಗೆ ಗೊತ್ತಿಲ್ಲ. ಗಂಡ ಹೇಳಿದ್ದು ಸರಿಯೋ ತಾನು ಹೇಳಿದ್ದು ಸರಿಯೋ ಎಂದು ಎಡ್ನಾ ಮೊದಲಿಂದ ಕೇಳುತ್ತಾಳೆ. ಕೊನೆಗೆ ಬಂದಾಗ ಅದು ಯಾವ ವಾದ್ಯವೆಂದು ಅವಳಿಗೆ ತಿಳಿಯದೆ ಇರಲಾರದು; ಮೀನು ಕೆರೆಯದ ಹೆಂಗಸು ಬಿಜೈಯಲ್ಲಿ ಯಾರಿದ್ದಾರೆ. ನಗುತ್ತಾಳೇನೋ. ಮತ್ತೊಮ್ಮೆ ಹಾಕುತ್ತಾಳೇನೋ. ಹೀಗೆ ಯೋಚಿಸುವಾಗ ಹೆದರಿಕೆ ಬರುತ್ತದೆಂದು ಮುನೀರಾ ಕಾದಳು. ಬರಲಿಲ್ಲ. ಹೋಗಲಿ ಅನ್ನಿಸಿತು.

ಆದರೆ ಅಬೂಬಕರನ ಕಾಪಿಯಲ್ಲಿ ಅದು ಇರುವುದಿಲ್ಲ. ಹುಡುಗರ ಹಾಡಿಗೆ ಮುಗಿಸುತ್ತೇನೆ, ಎಂದುಕೊಂಡಳು. ಕೇಳಿದರೆ ಟೇಪು ಸಾಲಲಿಲ್ಲ ಎನ್ನುವುದು. ಬೇಸರ ಮಾಡಿಕೊಳ್ಳುತ್ತಾನೆ, ಕೆಲವು ದಿನ ಮಧ್ಯಾಹ್ನ ನಿದ್ದೆ ಬಾರದೆ ಹೊರಳುತ್ತಾನೆ. ಹೊರಳಲಿ. ಚಾಪೆಗೂ ಅಡಿಗೆಮನೆಗೂ ನಡುವೆ ಇರುವುದು ಒಂದೇ ಗೋಡೆ, ಬಾಗಿಲು ಹಾಕುವ ಪದ್ಧತಿಯೂ ಇಲ್ಲ. ಬೇಕಾದರೆ ಅವನೇ ಕೇಳಿಸಿಕೊಳ್ಳಲಿ. ಇನ್ನು ಸುಮ್ಮನಿರು ಎಂದರೂ ತಾನು ಸುಮ್ಮನಿರುವುದಿಲ್ಲ.

ಎ ಸೈಡು ಮುಗಿಯಿತು. ಅವಳು ಎದ್ದು ಎರಡನ್ನೂ ತಿರುಗಿಸಿ ಹಾಕಿದಳು. ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತಿದ್ದ ನಹ್ಲಾ ಕೇಳಿದಳು, "ಉಮ್ಮಾ, ಉಪ್ಪನಿಗೆ ಕಾಪಿಯಾ? ಎಲ್ಲಾನೂ ಹಾಕ್ತಿಯಾ?"

"ನಿನಗೆ ನಾಳೆ ಪರೀಕ್ಷೆ ಇಲ್ವಾ," ಎಂದಳು ಮುನೀರಾ. "ಹೋಗಿ ಓದಿಕೋ."